ಅಣ್ಣ ಸೋಲುವ ತನಕ

ಜಗಳ ಹುಟ್ಟಿದ್ದು ಕಾಲುಚೀಲದಿಂದ.

ಆ ಮನೆಯ ಹಿರಿಮಗ ಟೆನಿಸ್ ಆಡುತ್ತಿದ್ದುದು ಕೆಂಪು ಮಣ್ಣಿನ ಅಂಕಣದಲ್ಲಿ. ಆ ಮಣ್ಣು ಒಮ್ಮೆ ಬಟ್ಟೆಗೆ ಹತ್ತಿದರೆ ಬಟ್ಟೆ ಹರಿದುಹೋಗಬಹುದೇ ಹೊರತು ಮಣ್ಣು ಹೋಗುವುದಿಲ್ಲ. ಚಿಕ್ಕಂದಿನಿಂದ ಅವನು ಅದನ್ನು ಕಾಲಿನಲ್ಲಿ ಮನೆಗೆ ಹೊತ್ತು ತಂದಿದ್ದ. ಹಾಸಿಗೆಯಲ್ಲಿ ಅದೇ, ಸಕ್ಕರೆ ಡಬ್ಬದಲ್ಲಿ ಅದೇ. ಮನೆಯ ಬೆಕ್ಕು ಹುಟ್ಟಿದಾಗ ಬಿಳಿ ಇತ್ತು ಎಂದು ಅಜ್ಜ ಆಣೆ ಮಾಡಿ ಹೇಳುತ್ತಿದ್ದರು. ಈಗಿನ ಬೆಕ್ಕನ್ನು ನೋಡಿದವರು ಯಾರೂ ನಂಬುತ್ತಿರಲಿಲ್ಲ.

ಈಗ ಅವನು ದೂರದೇಶದಲ್ಲಿದ್ದ. ಕೆಂಪು ಮಣ್ಣಿನ ಟೂರ್ನಿಗಳಲ್ಲೆಲ್ಲ ದೊಡ್ಡದು ಅಲ್ಲಿ ನಡೆಯುತ್ತಿತ್ತು. ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಅವನು ಸೋತಿದ್ದ. ಅಷ್ಟರಲ್ಲಿ ಆಡಬೇಕಾಗಿದ್ದ ಯಾರಿಗೋ ಮುಂಗೈ ನೋವು ಬಂತು. ಸೋತವರಲ್ಲಿ ಒಬ್ಬನನ್ನು ಒಳಗೆ ಕರೆಯಬೇಕಾಯಿತು, ಇವನನ್ನು ಕರೆದರು. ಸೋತು ಒಳಗೆ ಹೋದ ಭೂಪ ಎಂದು ಬೀದಿಯವರು ನಕ್ಕರು. ಅಪ್ಪ ನಗಲಿಲ್ಲ.

ಅಪ್ಪನಿಗೆ ಬೀದಿಯಲ್ಲಿ ತಂತಿ ಮೇಷ್ಟ್ರು ಎಂದು ಹೆಸರು. ಕ್ಲಬ್ಬಿನ ಗೇಟಿನ ಪಕ್ಕ ಗೂಡಂಗಡಿಯಲ್ಲಿ ಕೂತು ರ‍್ಯಾಕೆಟ್‌ಗಳಿಗೆ ತಂತಿ ಬಿಗಿಯುವುದು ಅವರ ಕಸುಬು. ಮನೆಯವರನ್ನೂ ಹೆಚ್ಚುಕಮ್ಮಿ ಅದೇ ಹದಕ್ಕೆ ಬಿಗಿದಿಟ್ಟಿದ್ದರು. ಮಗನನ್ನು ಒಳಗೆ ಕರೆದ ಸುದ್ದಿ ಬಂದ ಸಂಜೆ ಅವರು ಬಚ್ಚಲಿನ ಬಾಗಿಲಲ್ಲಿ ನಿಂತು, ಅವನು ಬಿಟ್ಟುಹೋಗಿದ್ದ ಒಂದು ಬಕೆಟ್ ಕೆಂಪು ಕಾಲುಚೀಲಗಳನ್ನು ನೋಡಿದರು.

"ನಾಳೆ ಪೇಪರ್‌ನೋರು ಬಂದ್ರೆ ಏನು ಕತೆ? ಚೂಟಿ, ಇವನ್ನ ಒಗೆದು ಹಾಕು."

ಚೂಟಿ ಅವನ ತಂಗಿ. ಎರಡು ಬೀದಿ ಆಚೆಯ ಲಾಂಡ್ರಿಯಲ್ಲಿ ಹೋಟೆಲಿನವರ ಹೊದಿಕೆ, ದಿಂಬಿನ ಚೀಲ ಒಗೆದು ಇಸ್ತ್ರಿ ಮಾಡುವ ಕೆಲಸ. ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದಳು.

"ಊರಿನೋರ ಬಟ್ಟೆ ಒಗೆದು ಈಗ ಬಂದಿದ್ದೀನಿ ಅಪ್ಪ. ಒಂದು ಲೋಟ ಚಹಾನಾದ್ರೂ ಕುಡೀಲಾ ಬೇಡ್ವಾ?"

"ಕುಡಿದು ಒಗಿ."

"ಕುಡಿದ್ರೂ ಒಗೆಯಲ್ಲ. ಅವನ ಕಾಲು, ಅವನ ಸಾಕ್ಸ್. ಬಂದು ಅವನೇ ಒಗೀಲಿ."

"ಅವನು ದೇಶಕ್ಕೋಸ್ಕರ ಆಡೋನು ಕಣೇ!"

"ಹಾಗಾದ್ರೆ ದೇಶ ಒಗೀಲಿ."

ಒಳಗಿನಿಂದ ಅಜ್ಜ ಕಿಸಕ್ಕನೆ ನಕ್ಕರು. ಆ ನಗು ಇಲ್ಲದಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅಪ್ಪನ ಮುಖ ಕಾಲುಚೀಲದ ಬಣ್ಣಕ್ಕೆ ತಿರುಗಿತು.

"ಈ ಮನೇಲಿ ಹೇಳಿದ ಕೆಲಸ ಮಾಡೋಕಾಗಲ್ಲ ಅಂದ್ರೆ ಹೊರಗೆ ನಡಿ!"

ಇದು ಹೊಸ ಮಾತಲ್ಲ. ಪ್ರತಿ ಸಲವೂ ಚೂಟಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಪ್ಪ ಬಾಗಿಲ ಹತ್ತಿರ ಬಂದು ಕೆಮ್ಮುತ್ತಿದ್ದರು. ಕೆಮ್ಮಿದರೆ ಒಳಗೆ ಬಾ ಎಂದರ್ಥ. ಈ ಸಲ ಅವರು ಬಂದು ಕೆಮ್ಮಿದಾಗ ಮೆಟ್ಟಿಲ ಮೇಲೆ ಬೆಕ್ಕು ಮಾತ್ರ ಇತ್ತು. ಚೂಟಿ ಎರಡು ಜೊತೆ ಬಟ್ಟೆಯನ್ನು ಬ್ಯಾಗಿಗೆ ತುರುಕಿಕೊಂಡು ಲಾಂಡ್ರಿಗೆ ಹೋಗಿಬಿಟ್ಟಿದ್ದಳು.

"ನಾಳೆ ಸಂಜೆ ನಾನೇ ಹೋಗಿ ಕರ್ಕೊಂಡು ಬರ್ತೀನಿ," ಎಂದಳು ಅಮ್ಮ. "ಕೋಪ ಇಳೀಲಿ."

ಮರುದಿನ ಮೊದಲ ಸುತ್ತು. ಎದುರಾಳಿ ಎಂಥವನೆಂದರೆ, ಅವನ ಶೂಗಳಿಗೇ ಬೇರೆ ವಿಮಾನದ ಟಿಕೆಟ್ ಎಂದು ಬೀದಿಯಲ್ಲಿ ಮಾತು. ಟಿವಿಯಲ್ಲಿ ಈ ಪಂದ್ಯ ಬರಲಿಲ್ಲ. ಅಪ್ಪ ಫೋನಿನಲ್ಲಿ ಅಂಕಿ ನೋಡುತ್ತ ಕೂತರು. ಮೊದಲ ಎರಡು ಸೆಟ್ ಹೋದವು. ಯಾರಿಗೂ ಆಶ್ಚರ್ಯವಾಗಲಿಲ್ಲ. ಅಮ್ಮ ಬೇಳೆ ಬೇಯಲು ಇಟ್ಟು, ಮಗಳನ್ನು ಕರೆತರಲು ಸೀರೆ ಸರಿಮಾಡಿಕೊಂಡಳು. ಅಜ್ಜ ಕೆನ್ನೆಗೆ ಸೋಪು ಹಚ್ಚಿ ಬ್ಲೇಡು ಹಿಡಿದರು. ಆಮೇಲೆ ಅಂಕಿಗಳು ತಿರುಗತೊಡಗಿದವು. ಮೂರನೆಯ ಸೆಟ್ ಬಂತು, ನಾಲ್ಕನೆಯದೂ ಬಂತು. ಅಮ್ಮ ಬಾಗಿಲಲ್ಲೇ ನಿಂತಳು. ಅಜ್ಜನ ಬ್ಲೇಡು ಎಡಗೆನ್ನೆ ಮುಗಿಸಿ ಗಾಳಿಯಲ್ಲಿ ನಿಂತಿತು. ಐದನೆಯದು ಮುಗಿಯುವಷ್ಟರಲ್ಲಿ ಬೇಳೆ ತಳ ಹಿಡಿದು ಮನೆ ತುಂಬ ಹೊಗೆಯಾಯಿತು.

"ಗೆದ್ದ!" ಅಪ್ಪ ಕೂಗಿದ ಹೊಡೆತಕ್ಕೆ ಕೆಳಗಿನ ಮನೆಯ ಗೋಡೆ ಗಡಿಯಾರ ನಿಂತಿತಂತೆ. ಇವತ್ತಿಗೂ ನಿಂತೇ ಇದೆ.

"ಒಲೆ ಆರಿಸ್ರೀ," ಎಂದು ಅಮ್ಮ ಅಡುಗೆಮನೆಗೆ ಓಡಿದಳು. "ಅಯ್ಯೋ, ಎಲ್ಲಾ ಹೊತ್ತಿಹೋಯ್ತು. ಇರಲಿ ಬಿಡಿ. ಚೂಟಿನ ಕರ್ಕೊಂಡು ಬರ್ತೀನಿ, ಅವಳಿಗೂ ಖುಷಿ ಆಗುತ್ತೆ."

ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ಸ್ವಲ್ಪ ತಡಿ. ಯೋಚನೆ ಮಾಡು. ಮೊನ್ನೆ ಅವಳು ಮನೇಲಿದ್ಲು, ಇವನು ಸೋತ. ನಿನ್ನೆ ಹೊರಗೆ ಹೋದ್ಲು, ಇವತ್ತು ಗೆದ್ದ."

"ಅವನು ಚೆನ್ನಾಗಿ ಆಡಿದ, ಅದಕ್ಕೆ ಗೆದ್ದ."

"ಇಷ್ಟು ವರ್ಷದಿಂದ ಚೆನ್ನಾಗೇ ಆಡ್ತಿದ್ದಾನೆ. ಗೆದ್ನಾ?"

ಹೀಗೆ ಆ ಮನೆಯಲ್ಲಿ ಒಂದು ಹೊಸ ಕಾನೂನು ಬಂತು. ಮೊದಲ ದಿನ ಯಾರು ಹೇಗಿದ್ದರೋ ಪ್ರತಿ ಪಂದ್ಯಕ್ಕೂ ಹಾಗೇ ಇರತಕ್ಕದ್ದು. ಕಾಲುಚೀಲಗಳು ಬಕೆಟ್ಟಿನಲ್ಲೇ ಇರಬೇಕು. ಬೇಳೆ ತಳ ಹಿಡಿಯಬೇಕು. ಅಜ್ಜ ಎಡಗೆನ್ನೆ ಮಾತ್ರ ಬೋಳಿಸಿಕೊಳ್ಳಬೇಕು. ಚೂಟಿ ಹೊರಗಿರಬೇಕು.

"ಎಷ್ಟು ದಿನ?" ಎಂದಳು ಅಮ್ಮ.

"ಅವನು ಸೋಲೋ ತನಕ. ಇನ್ನೇನು, ನಾಳಿದ್ದು ಸೋಲ್ತಾನೆ."

ನಾಳಿದ್ದು ಅವನು ಮತ್ತೆ ಗೆದ್ದ.

ಲಾಂಡ್ರಿಯ ಒಡತಿಯನ್ನು ಎಲ್ಲರೂ ಲಾಂಡ್ರಿಯಮ್ಮ ಎನ್ನುತ್ತಿದ್ದರು. ಚೂಟಿಗೆ ಅವರು ಅಕ್ಕ. ಅಂಗಡಿಯ ಅಟ್ಟದಲ್ಲಿ, ಹೋಟೆಲಿಗೆ ಹೋಗಬೇಕಾದ ಹೊದಿಕೆಗಳ ಕಟ್ಟುಗಳ ನಡುವೆ ಮಲಗಲು ಜಾಗ ಕೊಟ್ಟಿದ್ದರು. ಮೊದಲ ದಿನ ಅದು ತಮಾಷೆಯಾಗಿತ್ತು. ಆಮೇಲೆ ಕೆಳಗಿನ ಬಾಯ್ಲರಿನ ಸೆಕೆ ಮೇಲೆ ಬಂದು ಕೂತಿತು. ಬೆಳಗ್ಗೆ ಏಳುವಾಗ ಚೂಟಿ ಆವಿಯಲ್ಲಿ ಬೆಂದವಳಂತೆ ಕಾಣುತ್ತಿದ್ದಳು.

ಪಂದ್ಯದ ಹೊತ್ತಿಗೆ ಅವಳು ಫೋನನ್ನು ಗಂಜಿ ಡಬ್ಬಕ್ಕೆ ಒರಗಿಸಿಟ್ಟು ಇಸ್ತ್ರಿ ಮಾಡುತ್ತಿದ್ದಳು. ಅಣ್ಣ ಒಂದು ಗೇಮ್ ಕಳೆದುಕೊಂಡರೆ ತನ್ನ ಒಂದು ಬಟ್ಟೆಯನ್ನು ಮಡಚಿ ಬ್ಯಾಗಿಗೆ ಹಾಕುತ್ತಿದ್ದಳು. ಗೆದ್ದರೆ ಒಂದನ್ನು ತೆಗೆಯುತ್ತಿದ್ದಳು. ಮೂರನೆಯ ಸುತ್ತಿನಲ್ಲಿ ಎದುರಾಳಿಗೆ ಇನ್ನೊಂದೇ ಪಾಯಿಂಟ್ ಬೇಕಿತ್ತು. ಬಟ್ಟೆಯೆಲ್ಲ ಒಳಗೆ ಹೋಗಿ, ಬಾಚಣಿಗೆಯೂ ಹೋಗಿ, ಜಿಪ್ಪು ಅರ್ಧ ಎಳೆದಾಗಿತ್ತು. ಅಲ್ಲಿಂದ ಅವನು ಎದ್ದು ಗೆದ್ದ. ಚೂಟಿ ಜಿಪ್ಪು ತೆರೆದಳು.

"ಏನಾಯ್ತೇ?" ಎಂದರು ಲಾಂಡ್ರಿಯಮ್ಮ.

"ಗೆದ್ದ ಅಕ್ಕ."

"ಅಯ್ಯೋ ಪಾಪ."

ಅಮ್ಮ ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬರುತ್ತಿದ್ದಳು. ಅನ್ನ, ಆಲೂಗಡ್ಡೆ, ಒಂದು ಬೆಂದ ಮೊಟ್ಟೆ. ಮೂರನೆಯ ಸುತ್ತು ಮುಗಿದ ಮೇಲೆ ಡಬ್ಬಿ ಹಿಡಿದು ಬಂದವರು ಅಜ್ಜ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಬಿಳಿ ಗಡ್ಡ. ದಾರಿಯಲ್ಲಿ ಎಡಗಡೆಯಿಂದ ನೋಡಿದವರು ನಮಸ್ಕಾರ ಮಾಡಿದರಂತೆ, ಬಲಗಡೆಯಿಂದ ನೋಡಿದವರು ಚಿಲ್ಲರೆ ಕೊಡಲು ಬಂದರಂತೆ.

"ಅಮ್ಮ ಯಾಕೆ ಬರಲಿಲ್ಲ ಅಜ್ಜ?"

"ನಿಮ್ಮಪ್ಪ ಬೇಡ ಅಂದ. ನಿನ್ನನ್ನ ಮುಟ್ಟಿ ಮನೆಗೆ ಬಂದ್ರೆ ನೀನೇ ಬಂದ ಹಾಗಂತೆ."

"ನೀನು ಬಂದ್ರೆ?"

"ನನ್ನ ಅರ್ಧ ಮುಖಾನ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲ್ಲ."

ಚೂಟಿ ನಗುತ್ತಲೇ ಡಬ್ಬಿ ಬಿಚ್ಚಿದಳು. ಎರಡು ತುತ್ತು ತಿಂದು ನಿಲ್ಲಿಸಿದಳು.

"ಅಜ್ಜ, ನಾನು ಬರ್ಲಾ ಮನೆಗೆ? ಅಪ್ಪ ಏನಾದ್ರೂ ಅಂದ್ಕೊಳ್ಳಲಿ. ಸಾಕ್ಸ್ ಬೇಕಾದ್ರೆ ಒಗೀತೀನಿ."

"ಈಗ ಒಗೆದ್ರೆ ಕೊಂದೇ ಬಿಡ್ತಾನೆ," ಎಂದರು ಅಜ್ಜ. "ಆ ಬಕೆಟ್ ಈಗ ಮನೆಯ ಹಿರೀಕ. ನನಗಿಂತ ಜಾಸ್ತಿ ಮರ್ಯಾದೆ ಅದಕ್ಕೆ. ವಾಸನೆ ಮಾತ್ರ... ಬೆಕ್ಕು ಮನೆ ಬಿಟ್ಟು ಹೋಯ್ತು ಕಣೇ."

"ಬೆಕ್ಕಿಗೆ ಹೋಗೋಕೆ ಬಿಟ್ರಾ?"

"ಅದು ಮೊದಲನೇ ದಿನ ಎಲ್ಲಿತ್ತು ಅಂತ ಯಾರಿಗೂ ಗೊತ್ತಿಲ್ಲ. ಪುಣ್ಯ ಮಾಡಿತ್ತು."

ನಾಲ್ಕನೆಯ ಸುತ್ತನ್ನೂ ಅವನು ಗೆದ್ದ. ಈಗ ಟಿವಿಯಲ್ಲಿ ಬರತೊಡಗಿದ. ತಂತಿ ಮೇಷ್ಟ್ರ ಅಂಗಡಿಗೆ ಜನ ತಂತಿ ಹರಿಯದ ರ‍್ಯಾಕೆಟ್‌ಗಳನ್ನೂ ತಂದರು. ದಿನಸಿ ಅಂಗಡಿಯವನು ಕರೆದು ಸಕ್ಕರೆ ಕೊಟ್ಟ. ಬಾಡಿಗೆ ಕೇಳಲು ಬಂದ ಮನೆಯ ಯಜಮಾನ ಕೈಕುಲುಕಿ ಹೋದ. ಅಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಬೇಳೆಗೆ ಈಗ ಅವಳೇ ಗಮನವಿಟ್ಟು ತಳ ಹಿಡಿಸುತ್ತಿದ್ದಳು. ಕಡಿಮೆ ಹೊತ್ತಿದರೆ ಮತ್ತೆ ಒಲೆ ಹಚ್ಚುತ್ತಿದ್ದಳು.

ಎಂಟರ ಘಟ್ಟದ ಹಿಂದಿನ ದಿನ ಚೂಟಿ ಕೈ ಸುಟ್ಟುಕೊಂಡಳು. ನಿದ್ದೆಗೆಟ್ಟ ಕಣ್ಣು, ಇಸ್ತ್ರಿ ಪೆಟ್ಟಿಗೆ ಮೇಜಿನಿಂದ ಜಾರಿತು. ಹಿಡಿಯಬಾರದ್ದನ್ನು ಹಿಡಿದಳು. ಬಲ ಅಂಗೈ ಪೂರ್ತಿ ಬೊಬ್ಬೆ ಎದ್ದಿತು. ಲಾಂಡ್ರಿಯಮ್ಮ ಫೋನ್ ಮಾಡಿದ್ದಕ್ಕೆ ಅಮ್ಮ ಮುಲಾಮು ಹಿಡಿದು ಓಡಿಬಂದಳು. ಹೊಸ್ತಿಲ ಆಚೆಯೇ ನಿಂತಳು.

"ಅಯ್ಯೋ ನನ್ನ ಕಂದ. ತೋರಿಸು. ಅಲ್ಲೇ ನಿಂತು ತೋರಿಸು."

"ಮುಟ್ಟಲ್ವಾ?"

"ಅಕ್ಕ ಹಚ್ತಾರೆ. ತಗೊಳ್ಳಿ, ಸ್ವಲ್ಪ ದಪ್ಪಗೆ ಹಚ್ಚಿ."

"ಅಮ್ಮ, ಕರ್ಕೊಂಡು ಹೋಗು. ಊಟ ಕಲಸೋಕೂ ಆಗಲ್ಲ ಈ ಕೈಲಿ."

ಅಮ್ಮ ಬೀದಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು.

"ನಾಳೆ ಒಂದು ಮುಗೀಲಿ."

"ಅಪ್ಪನ ಹಾಗೇ ಮಾತಾಡ್ತಿದ್ದೀಯ."

"ನಿಂಗೊತ್ತಿಲ್ಲ ಚೂಟಿ. ಮನೆ ಯಜಮಾನ ಬಂದು ಕೈಕುಲುಕಿ ಹೋದ. ನನ್ನ ಕೈನ. ಇಷ್ಟು ವರ್ಷ ನನ್ನ ಮುಖ ನೋಡಿ ಮಾತಾಡಿರಲಿಲ್ಲ ಅವನು. ನೀನು ನಮ್ಮ ಹುಡುಗಿ, ಎಲ್ಲಿಗೆ ಹೋಗ್ತೀಯ? ಆದ್ರೆ ಇದು ಹೋದ್ರೆ ಮತ್ತೆ ಬರಲ್ಲ."

ಲಾಂಡ್ರಿಯಮ್ಮ ಮುಲಾಮಿನ ಮುಚ್ಚಳ ತೆಗೆಯುತ್ತ, "ಹೋಗಿ ಬನ್ನಿ, ನಿಮ್ಮ ಬೇಳೆ ಹೊತ್ತಬೇಕಲ್ಲ," ಎಂದರು.

ಎಂಟರ ಘಟ್ಟ ಗೆದ್ದ. ಸೆಮಿಫೈನಲ್ ದಿನ ಅಜ್ಜ ತಂದ ಡಬ್ಬಿಯಲ್ಲಿ ಕಪ್ಪಗೆ ಹೊತ್ತಿದ ಬೇಳೆ ಇತ್ತು.

"ಇದೇನಜ್ಜ?"

"ಇವತ್ತಿಂದ ನಿನಗೂ ಇದೇ ಕಳಿಸಬೇಕಂತೆ. ಮನೆಯೋರೆಲ್ಲ ಒಂದೇ ಊಟ ಮಾಡ್ಬೇಕು ಅಂತ ನಿಮ್ಮಪ್ಪ."

"ಊಟಕ್ಕೆ ನಾನು ಮನೆಯೋಳು?"

ಅಜ್ಜ ಚಮಚದಲ್ಲಿ ಬೇಳೆ ಎತ್ತಿ ಮೊಮ್ಮಗಳ ಬಾಯಿಗಿಟ್ಟರು. ಚೂಟಿ ನುಂಗಿದಳು. ಸೆಮಿಫೈನಲ್ಲನ್ನೂ ಗೆದ್ದ.

ಫೈನಲ್ ದಿನ ಲಾಂಡ್ರಿಯಮ್ಮ ಅಂಗಡಿಯ ಅರ್ಧ ಬಾಗಿಲು ಎಳೆದು, ಮನೆಯಿಂದ ಟಿವಿ ತಂದು ಮೇಜಿನ ಮೇಲಿಟ್ಟರು. ಚೂಟಿ ಬೆಳಗ್ಗೆಯೇ ಬ್ಯಾಗ್ ಪೂರ್ತಿ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಳು.

"ಇನ್ನೂ ಒಂದು ಗೇಮೂ ಆಗಿಲ್ಲ. ಆಗಲೇ ತುಂಬಿಬಿಟ್ಟೆಯಾ?"

"ಇವತ್ತು ಸೋತ್ರೂ ಮುಗೀತು, ಗೆದ್ರೂ ಮುಗೀತು ಅಕ್ಕ. ಇದರ ಮುಂದೆ ಆಡೋಕೆ ಪಂದ್ಯ ಇಲ್ಲ."

ಆ ದಿನ ಅವಳು ಈ ಟೂರ್ನಿಯಲ್ಲಿ ಮೊದಲ ಸಲ ಅಣ್ಣನ ಆಟವನ್ನು ನೋಡಿದಳು. ಇಷ್ಟು ದಿನ ನೋಡಿದ್ದು ಅಂಕಿ ಮಾತ್ರ. ಅವನು ಮಣ್ಣಿನ ಮೇಲೆ ಉದ್ದಕ್ಕೆ ಜಾರಿ ಚೆಂಡಿಗೆ ಕೈ ಚಾಚುವಾಗ ಇವಳೂ ಮೇಜಿನ ಅಂಚು ಹಿಡಿದು ಬಾಗುತ್ತಿದ್ದಳು. ಬಿದ್ದು ಮೈಯೆಲ್ಲ ಕೆಂಪಾಗಿ ಎದ್ದಾಗ, "ಹುಷಾರು ಕಣೋ!" ಎಂದು ಟಿವಿಯನ್ನೇ ಬೈದಳು. ಐದನೆಯ ಸೆಟ್ಟಿನಲ್ಲಿ ಅವಳು ಕಿರುಚಿದ ರಭಸಕ್ಕೆ ಹೊರಗೆ ಬಟ್ಟೆ ಕೊಡಲು ಬಂದವರು ಕೊಡದೆ ಓಡಿದರು. ಕೊನೆಯ ಚೆಂಡು ಗೆರೆಯ ಮೇಲೆ ಬಿದ್ದು ಮಣ್ಣೆಬ್ಬಿಸಿತು. ಅಣ್ಣ ಅಂಗಾತ ಬಿದ್ದ. ಚೂಟಿ ಲಾಂಡ್ರಿಯಮ್ಮನನ್ನು ತಬ್ಬಿ ಅತ್ತಳು. ಕೈ ನೋವು ನೆನಪಾದದ್ದು ಆಮೇಲೆ.

"ಹೋಗಿ ಬರ್ತೀನಿ ಅಕ್ಕ."

"ಬರ್ತೀನಿ ಅನ್ಬೇಡ. ಹೋಗು."

ಮನೆಯ ಮುಂದೆ ಜನ ಕಿಕ್ಕಿರಿದಿದ್ದರು. ಮೆಟ್ಟಿಲ ಕೆಳಗೆ ಕ್ಯಾಮೆರಾ, ಮೇಲೆ ಬಾಗಿಲಲ್ಲಿ ಅಪ್ಪ, ಅಮ್ಮ, ಅಜ್ಜ. ಅಜ್ಜನ ಬಲಗೆನ್ನೆ ಕ್ಯಾಮೆರಾಕ್ಕೆ ಕಾಣದ ಹಾಗೆ ನಿಲ್ಲಿಸಿದ್ದರು. ಟಿವಿಯ ಹುಡುಗಿ ಮೈಕು ಚಾಚಿ ಕೇಳುತ್ತಿದ್ದಳು.

"ಸರ್, ಈ ಗೆಲುವಿನ ಗುಟ್ಟೇನು?"

"ಒಗ್ಗಟ್ಟು," ಎಂದರು ಅಪ್ಪ. "ನಮ್ಮದು ಚಿಕ್ಕ ಮನೆ. ಆದ್ರೆ ಮನೆಯೋರೆಲ್ಲ ಒಂದೇ ಸೂರಿನ ಕೆಳಗೆ, ಒಂದೇ ಮನಸ್ಸಿನಿಂದ ಅವನ ಹಿಂದೆ ನಿಂತ್ವಿ."

ಚೂಟಿ ಜನರ ನಡುವೆ ಬ್ಯಾಗ್ ತಳ್ಳಿಕೊಂಡು ಬಂದು ಮೆಟ್ಟಿಲು ಹತ್ತಿದಳು. ಅಪ್ಪ ಮೈಕು ಬಿಟ್ಟು ಸರಸರ ಇಳಿದುಬಂದು ಅರ್ಧದಲ್ಲೇ ಎದುರಾದರು. ಅವರ ಕೈಯಲ್ಲಿ ಫೋನಿತ್ತು. ಮುಖದಲ್ಲಿ ಅವಳು ಎಂದೂ ನೋಡದ ನಗು.

"ಅಲ್ಲೇ ನಿಲ್ಲು ಪುಟ್ಟ. ಮಾತಾಡು. ನಿನ್ನನ್ನೇ ಕೇಳ್ತಿದ್ದಾನೆ."

ಅವಳು ಎಡಗೈಯಲ್ಲಿ ಫೋನ್ ಇಸಿದುಕೊಂಡಳು.

"ಅಣ್ಣಾ! ನಾನು ಕಿರುಚಿದ್ದು ನಿನಗೆ ಅಲ್ಲಿಗೇ ಕೇಳಿಸಿರಬೇಕು ಕಣೋ!"

ಆ ಕಡೆ ಅಣ್ಣ ನಕ್ಕ. ಹಿಂದೆ ಜನರ ಗದ್ದಲ. "ಎಲ್ಲಿದ್ದೀಯ ಈಗ?"

"ಮೆಟ್ಟಿಲ ಮೇಲೆ."

ನಗು ನಿಂತಿತು.

"ಒಳಗೆ ಹೋಗಿಲ್ಲ ತಾನೆ?"

ಚೂಟಿ ಬ್ಯಾಗನ್ನು ಕಾಲ ಬಳಿ ಇಳಿಸಿದಳು.

"ಅಪ್ಪ ಎಲ್ಲಾ ಹೇಳಿದ್ರು. ನನಗೆ ಇಂಥದ್ರಲ್ಲೆಲ್ಲ ನಂಬಿಕೆ ಇಲ್ಲ, ಗೊತ್ತಲ್ಲ ನಿಂಗೆ. ಆದ್ರೂ ಸುಮ್ನೆ ಯಾಕೆ ಅಂತ. ಮುಂದಿನ ತಿಂಗಳು ಹುಲ್ಲಿನ ಅಂಕಣದ ಟೂರ್ನಿ ಇದೆ. ಅದೊಂದು ಮುಗೀಲಿ."

"ನನ್ನ ಕೈ ಸುಟ್ಟಿದೆ ಅಣ್ಣ."

"ಅಯ್ಯೋ! ಯಾವಾಗ?"

"ಎಂಟರ ಘಟ್ಟದ ಹಿಂದಿನ ದಿನ."

ಅವನು ಮೆಲ್ಲಗೆ, "ಅದನ್ನೂ ಗೆದ್ದೆ ಅಲ್ವಾ," ಎಂದ.

ಚೂಟಿ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಮೇಲೆ ನೋಡಿದಳು. ಅಮ್ಮ ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು. "ಊಟ ಕಳಿಸ್ತೀನಿ," ಎಂದಳು. ಕೆಳಗೆ ಟಿವಿಯ ಹುಡುಗಿ, "ಇವರು ಯಾರು ಸರ್?" ಎಂದು ಕೇಳಿದಳು. "ಲಾಂಡ್ರಿಯವಳು," ಎಂದರು ಅಪ್ಪ. ಸುಳ್ಳೇನೂ ಹೇಳಲಿಲ್ಲ.

ಹುಲ್ಲಿನ ಟೂರ್ನಿ ಬಂತು. ಆ ಹೊತ್ತಿಗೆ ಲಾಂಡ್ರಿಯಮ್ಮ ಅಟ್ಟಕ್ಕೊಂದು ಕಿಟಕಿ ಕೊರೆಸಿದ್ದರು, ಒಂದು ಮಂಚ ಹಾಕಿಸಿದ್ದರು, ಗಲ್ಲಾದ ಕೆಲಸವನ್ನೂ ಚೂಟಿಗೆ ಬಿಟ್ಟಿದ್ದರು. ಮನೆಯಿಂದ ಬರುವ ಡಬ್ಬಿಯನ್ನು ಅವಳು ಬೇಡವೆಂದಿದ್ದಳು. ಪಂದ್ಯದ ದಿನ ಆ ಮನೆಯಲ್ಲಿ ಎಲ್ಲವೂ ಕಾನೂನಿನಂತೆಯೇ ನಡೆಯಿತು. ಒಂದು ಕೂದಲಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಅಣ್ಣ ಮೊದಲ ಸುತ್ತಿನಲ್ಲೇ ನೇರ ಸೆಟ್‌ಗಳಲ್ಲಿ ಸೋತ. ಎದುರಾಳಿಗೆ ಬೆವರು ಒರೆಸಿಕೊಳ್ಳುವ ಕೆಲಸವೂ ಬೀಳಲಿಲ್ಲವಂತೆ.

ಮರುದಿನ ಬೆಳಗ್ಗೆ ಅಪ್ಪ ಲಾಂಡ್ರಿಗೆ ಬಂದರು. ಗಲ್ಲಾದ ಮುಂದೆ ನಾಲ್ಕೈದು ಜನ ಬಟ್ಟೆ ಹಿಡಿದು ನಿಂತಿದ್ದರು. ಅವರೂ ಸಾಲಿನಲ್ಲಿ ನಿಂತರು. ತಮ್ಮ ಸರದಿ ಬಂದಾಗ ಹೊಸ್ತಿಲು ದಾಟಿ ಹತ್ತಿರ ಬಂದರು.

"ಬಾ, ಮನೆಗೆ ಹೋಗೋಣ."

"ಯಾಕೆ?"

"ಯಾಕೆ ಅಂದ್ರೆ... ನೀನು ಹೊರಗಿದ್ರೂ ಅವನು ಸೋತ. ಇನ್ನು ನೀನು ಒಳಗಿದ್ರೂ ಒಂದೇ, ಹೊರಗಿದ್ರೂ ಒಂದೇ."

ಚೂಟಿ ಅವರನ್ನು ನೋಡಿದಳು. ಅವರು ಪ್ರೀತಿಯಿಂದಲೇ ಹೇಳಿದ್ದರು. ಬ್ಯಾಗ್ ಹಿಡಿಯಲು ಕೈ ಕೂಡ ಚಾಚಿದ್ದರು.

"ಒಂದೇನಾ ಅಪ್ಪ?"

"ಒಂದೇ ಪುಟ್ಟ. ಒಂದಿಷ್ಟೂ ವ್ಯತ್ಯಾಸ ಇಲ್ಲ."

"ಹಾಗಾದ್ರೆ ಇಲ್ಲೇ ಇರ್ತೀನಿ," ಎಂದಳು ಚೂಟಿ. "ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಹಿಂದೆ ಜನ ಇದ್ದಾರೆ."

ಅಪ್ಪ ಪಕ್ಕಕ್ಕೆ ಸರಿದರು. ಹಿಂದಿದ್ದವನು ಮುಂದೆ ಬಂದು ತನ್ನ ಬಟ್ಟೆ ಗಂಟನ್ನು ಮೇಜಿನ ಮೇಲಿಟ್ಟ.